ಸೀಟು ಬದಲಿಸುವ ಸರ್ಕಾರ ಕೊಡುವ ಕಾರಣವನ್ನು ಓದುವುದು ಹೇಗೆ?

ಪ್ರಶ್ನೆ: ಸರ್ಕಾರಗಳು ಶಾಸನಸಭೆಯ ಸ್ಥಾನಗಳ ಸಂಖ್ಯೆಯನ್ನೋ, ಕ್ಷೇತ್ರಗಳ ಗಡಿಯನ್ನೋ, ಮತ ಎಣಿಸುವ ಕ್ರಮವನ್ನೋ ಬದಲಿಸುವಾಗ ‘ಎಲ್ಲ ಮತಕ್ಕೂ ಸಮಾನ ಬೆಲೆ’, ‘ಸ್ಥಿರ ಸರ್ಕಾರ’, ‘ಖರ್ಚು ಉಳಿತಾಯ’ ಎಂದೆಲ್ಲ ಹೇಳುತ್ತವೆ. ವಿರೋಧ ಪಕ್ಷಗಳು ಎಲ್ಲವೂ ಅಧಿಕಾರ ಉಳಿಸಿಕೊಳ್ಳುವ ತಂತ್ರ ಎನ್ನುತ್ತವೆ. ಕಾನೂನು ಓದದ ನನ್ನಂಥವರು ಇದರಲ್ಲಿ ನಿಜ ಯಾವುದು, ನೆಪ ಯಾವುದು ಎಂದು ತಿಳಿಯುವುದು ಹೇಗೆ?

ಉತ್ತರ: ಕಾರಣ ಒಂದೋ ನಿಜವಾಗಿರಬೇಕು, ಇಲ್ಲವೇ ನೆಪವಾಗಿರಬೇಕು ಎಂದು ನೀವು ಅಂದುಕೊಂಡಂತಿದೆ. ಇಂಥ ಮಸೂದೆಗಳ ಜೊತೆಗೆ ಲಗತ್ತಿಸುವ ‘ಉದ್ದೇಶ ಮತ್ತು ಕಾರಣಗಳ ಹೇಳಿಕೆ’ಗಳನ್ನು ಓದುತ್ತ ಬಂದ ನನಗೆ ಅನ್ನಿಸಿರುವುದು ಬೇರೆ. ಕಾರಣ ಬಹಳಷ್ಟು ಸಲ ನಿಜವೇ. ಹಸಿ ಸುಳ್ಳು ಹೇಳುವ ಅಗತ್ಯವೇ ಯಾರಿಗೂ ಬೀಳುವುದಿಲ್ಲ, ಏಕೆಂದರೆ ಯಾವ ದೇಶದ ಚುನಾವಣಾ ವ್ಯವಸ್ಥೆಯನ್ನು ಕೆದಕಿದರೂ ಒಂದಾದರೂ ಅಸಲಿ ಊನ ಕೈಗೆ ಸಿಗುತ್ತದೆ. ಆ ಊನ ಸರಿಪಡಿಸಲು ಬೇಕಾದದ್ದು ಎಷ್ಟು, ಮಸೂದೆಯೊಳಗೆ ತುಂಬಿರುವುದು ಎಷ್ಟು? ಇವೆರಡರ ನಡುವಿನ ಅಂತರವನ್ನು ಅಳೆಯಿರಿ. ನೆಪ ಅಡಗುವ ಜಾಗ ಅದೇ.

ಹಂಗೆರಿಯ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. 2011ರ ಕೊನೆಯಲ್ಲಿ ಅಲ್ಲಿನ ಸರ್ಕಾರ ಹೊಸ ಚುನಾವಣಾ ಕಾನೂನು ತಂದಿತು. ಕೊಟ್ಟ ಕಾರಣಗಳು ಎರಡು. ಒಂದು ಕೋಟಿ ಜನರ ದೇಶಕ್ಕೆ 386 ಸಂಸದರು ವಿಪರೀತವಾಯಿತು ಎಂಬುದು ಒಂದು. ಆ ದೇಶದ ಜನರೂ ಅದನ್ನು ಒಪ್ಪುತ್ತಿದ್ದರು. ಕ್ಷೇತ್ರ ಕ್ಷೇತ್ರಗಳ ನಡುವೆ ಮತದಾರರ ಸಂಖ್ಯೆಯಲ್ಲಿ ಅಜಗಜಾಂತರವಿದೆ ಎಂಬುದು ಇನ್ನೊಂದು. ಇದನ್ನು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವೇ 2005ರಲ್ಲಿ ತಪ್ಪೆಂದು ಹೇಳಿತ್ತು. ಎರಡೂ ಅಪ್ಪಟ ನಿಜ. ಸಂಸದರ ಸಂಖ್ಯೆ 199ಕ್ಕೆ ಇಳಿಯಿತು, ಗಡಿಗಳನ್ನು ಹೊಸದಾಗಿ ಎಳೆದರು. ಕಾನೂನು ಇಲ್ಲಿಗೇ ನಿಂತಿದ್ದರೆ ನಾನು ಈ ಉದಾಹರಣೆ ಕೊಡುತ್ತಿರಲಿಲ್ಲ.

ಅದೇ ಕಾನೂನಿನಲ್ಲಿ ಇನ್ನೂ ಮೂರು ವಿಷಯಗಳಿದ್ದವು. ಮೊದಲು ಕ್ಷೇತ್ರಗಳಲ್ಲಿ ಎರಡು ಸುತ್ತಿನ ಮತದಾನ ನಡೆಯುತ್ತಿತ್ತು. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ, ಚದುರಿಹೋಗಿದ್ದ ಸಣ್ಣ ಪಕ್ಷಗಳು ಎರಡನೇ ಸುತ್ತಿಗೆ ಮೊದಲು ಕೈಜೋಡಿಸಲು ಅವಕಾಶವಿತ್ತು. ಅದನ್ನು ಒಂದೇ ಸುತ್ತಿಗೆ ಇಳಿಸಿದರು. ಹಳೆಯ ವ್ಯವಸ್ಥೆಯಲ್ಲಿ ಸೋತವರ ವ್ಯರ್ಥ ಮತಗಳು ಪಕ್ಷದ ರಾಷ್ಟ್ರೀಯ ಪಟ್ಟಿಗೆ (ಕ್ಷೇತ್ರದಿಂದಲ್ಲದೆ ಮತದ ಲೆಕ್ಕದಲ್ಲಿ ಸಂಸದರನ್ನು ಕಳಿಸುವ ಪಟ್ಟಿ) ಸೇರಿ ಸ್ವಲ್ಪ ಪರಿಹಾರ ಸಿಗುತ್ತಿತ್ತು; ಹೊಸದರಲ್ಲಿ ಗೆದ್ದವರಿಗೂ, ಗೆಲುವಿಗೆ ಬೇಕಾದದ್ದಕ್ಕಿಂತ ಹೆಚ್ಚಾಗಿ ಬಿದ್ದ ಮತಗಳ ಲೆಕ್ಕದಲ್ಲಿ, ಅದೇ ‘ಪರಿಹಾರ’ ಕೊಟ್ಟರು. ಗೆದ್ದವನಿಗೆ ಪರಿಹಾರ! ಆ ಪದಪ್ರಯೋಗವೇ ಒಂದು ಕ್ಷಣ ನಿಂತು ನೋಡುವಂಥದ್ದು. ಮೂರನೆಯದಾಗಿ, ಹೊಸ ಗಡಿಗಳನ್ನು ಕಾನೂನಿನ ಪಠ್ಯದಲ್ಲೇ ಬರೆದು, ಮೂರನೇ ಎರಡರಷ್ಟು ಬಹುಮತವಿಲ್ಲದೆ ಯಾರೂ ತಿದ್ದದಂತೆ ಬೀಗ ಹಾಕಿದರು.

ಈಗ ಒಂದೊಂದನ್ನೇ ಕಾರಣಕ್ಕೆ ಜೋಡಿಸಿ ನೋಡಿ. ಸಂಸತ್ತು ಸಣ್ಣದಾಗಲು ಎರಡನೇ ಸುತ್ತು ಹೋಗಬೇಕಾಗಿರಲಿಲ್ಲ. ಕ್ಷೇತ್ರಗಳು ಸಮವಾಗಲು ಗೆದ್ದವರಿಗೆ ಪರಿಹಾರ ಬೇಕಾಗಿರಲಿಲ್ಲ. 2010ರಲ್ಲಿ ಸುಮಾರು ಶೇ 53 ಮತ ಪಡೆದು ಮೂರನೇ ಎರಡಕ್ಕಿಂತ ಹೆಚ್ಚು ಸ್ಥಾನ ಗಳಿಸಿದ್ದ ಆಡಳಿತ ಪಕ್ಷ ಫಿಡೆಸ್, 2014ರಲ್ಲಿ ಶೇ 45ಕ್ಕೆ ಕುಸಿದರೂ 199ರಲ್ಲಿ 133 ಸ್ಥಾನ ಗೆದ್ದಿತು. ಮೂರನೇ ಎರಡರಷ್ಟು ಬಹುಮತಕ್ಕೆ ಬೇಕಿದ್ದದ್ದು ಸರಿಯಾಗಿ 133. ಒಂದು ಸ್ಥಾನ ಕಡಿಮೆಯಾಗಿದ್ದರೂ ಬೀಗದ ಕೈ ಅವರ ಹತ್ತಿರ ಉಳಿಯುತ್ತಿರಲಿಲ್ಲ.

ನಾನು ಅಂತರ ಎಂದದ್ದು ಇದನ್ನೇ. ಸರ್ಕಾರ ಹೇಳಿದ ಕಾರಣವನ್ನು ಮನಃಪೂರ್ವಕವಾಗಿ ಒಪ್ಪಿಕೊಳ್ಳಿ. ಒಪ್ಪಿಕೊಂಡು, ಮಸೂದೆಯ ಒಂದೊಂದು ಕಲಮಿಗೂ ‘ಆ ಕಾರಣಕ್ಕೆ ನೀನು ಬೇಕಾ?’ ಎಂದು ಕೇಳುತ್ತ ಹೋಗಿ. ವಿರೋಧ ಪಕ್ಷಗಳು ಹೆಚ್ಚಾಗಿ ಇಲ್ಲೇ ಎಡವುತ್ತವೆ. ಅವು ಕಾರಣವನ್ನೇ ಅಲ್ಲಗಳೆಯಲು ಹೋಗಿ ಸೋಲುತ್ತವೆ. ಉಪ್ಪಿನಕಾಯಿಯಂತೆ ಪಕ್ಕದಲ್ಲಿ ಬಡಿಸಿದ್ದರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ.

ನಮ್ಮ ದೇಶದಲ್ಲೂ ಇದರ ಪಾಠ ಇದೆ. 1976ರ 42ನೇ ತಿದ್ದುಪಡಿ ರಾಜ್ಯಗಳಿಗೆ ಲೋಕಸಭೆಯಲ್ಲಿ ಸಿಗುವ ಸ್ಥಾನಗಳನ್ನು 1971ರ ಜನಗಣತಿಗೆ ಕಟ್ಟಿಹಾಕಿತು. ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ಜಾರಿ ಮಾಡಿ ಜನಸಂಖ್ಯೆ ತಗ್ಗಿಸಿದ ರಾಜ್ಯ ಅದೇ ಕಾರಣಕ್ಕೆ ಸಂಸದರನ್ನು ಕಳೆದುಕೊಳ್ಳಬಾರದು ಎಂಬುದು ಅದರ ಹಿಂದಿನ ಸಮರ್ಥನೆ. ಇದನ್ನು ನಾನು ಗಟ್ಟಿ ಕಾರಣವೆಂದೇ ಎಣಿಸುತ್ತೇನೆ. ಆದರೆ ಅದೇ ತಿದ್ದುಪಡಿ, ತುರ್ತು ಪರಿಸ್ಥಿತಿಯ ನಡುವೆ, ಲೋಕಸಭೆಯ ಅವಧಿಯನ್ನು ಐದರಿಂದ ಆರು ವರ್ಷಕ್ಕೆ ಏರಿಸಿತ್ತು. ಜನಸಂಖ್ಯೆ ನಿಯಂತ್ರಣಕ್ಕೂ ಸಂಸದರು ಇನ್ನೊಂದು ವರ್ಷ ಕೂರುವುದಕ್ಕೂ ಏನು ಸಂಬಂಧ? 1978ರಲ್ಲಿ 44ನೇ ತಿದ್ದುಪಡಿ ಅವಧಿಯನ್ನು ಮತ್ತೆ ಐದಕ್ಕೆ ಇಳಿಸಿತು, ಸ್ಥಾನಗಳ ತಡೆಯನ್ನು ಮುಟ್ಟಲಿಲ್ಲ. ಒಂದೇ ಮೂಟೆಯೊಳಗಿನ ಕಾಳನ್ನೂ ಕಲ್ಲನ್ನೂ ಬೇರೆ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಆ ತಡೆ 2000ದ ನಂತರದ ಜನಗಣತಿಯವರೆಗೆ ಎಂದಿತ್ತು. 2001ರ 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಗೆ ಮುಂದೂಡಿತು. ಜನಸಂಖ್ಯೆಯನ್ನು ಸ್ಥಿರಗೊಳಿಸಲು ರಾಜ್ಯಗಳಿಗೆ ಇದು ಉತ್ತೇಜನ ಎಂಬ ಹಳೆಯ ಕಾರಣವೇ ಮತ್ತೆ ಬಂತು. ರಾಜ್ಯಗಳ ಒಳಗಿನ ಗಡಿಗಳನ್ನು ಮಾತ್ರ 2001ರ ಜನಗಣತಿಯಂತೆ ಮರುವಿಂಗಡಣೆ ಮಾಡಿ 2008ರಿಂದ ಜಾರಿಗೆ ತಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಇಲ್ಲಿ ಸಮರ್ಥನೆಯ ಇನ್ನೊಂದು ಮುಖ ಕಾಣುತ್ತದೆ: ಎರಡು ನ್ಯಾಯಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಒಬ್ಬ ಮತದಾರನ ಮತ ಇನ್ನೊಬ್ಬನ ಮತಕ್ಕೆ ಸಮ ಎಂಬುದು ಒಂದು. ಒಕ್ಕೂಟದ ಒಂದು ರಾಜ್ಯ ತನ್ನ ಒಳ್ಳೆಯ ನಡತೆಗೆ ದಂಡ ತೆರಬಾರದು ಎಂಬುದು ಮತ್ತೊಂದು. ಇಂಥಲ್ಲಿ ಒಂದು ನ್ಯಾಯವನ್ನಷ್ಟೇ ಎತ್ತಿ ತೋರಿಸಿ ಇನ್ನೊಂದು ಇಲ್ಲವೇ ಇಲ್ಲವೆಂಬಂತೆ ಮಾತನಾಡುವ ಸರ್ಕಾರದ ಮೇಲೂ, ಅದೇ ತರ ಮಾತನಾಡುವ ವಿರೋಧಿಗಳ ಮೇಲೂ ನನಗೆ ನಂಬಿಕೆ ಕಡಿಮೆ. ಯಾವುದನ್ನು ಎಷ್ಟು ಬಿಟ್ಟುಕೊಟ್ಟೆವು ಎಂದು ಬಾಯಿಬಿಟ್ಟು ಹೇಳುವ ಸಮರ್ಥನೆ ಅಪರೂಪ. ಸಿಕ್ಕಾಗ ಬೆಲೆ ಕೊಡಿ.

ಖರ್ಚು ಉಳಿತಾಯದ ಮಾತಿಗೆ ಬರುತ್ತೇನೆ. ರಾಜಕಾರಣಿಗಳನ್ನು ಕಡಿಮೆ ಮಾಡುತ್ತೇವೆ ಎಂದರೆ ಯಾರು ತಾನೇ ಬೇಡ ಎನ್ನುತ್ತಾರೆ? ಇಟಲಿಯಲ್ಲಿ 2020ರ ಸೆಪ್ಟೆಂಬರ್‌ನ ಜನಮತಗಣನೆಯಲ್ಲಿ ಸುಮಾರು ಶೇ 70 ಜನ ಒಪ್ಪಿ ಕೆಳಮನೆಯನ್ನು 630ರಿಂದ 400ಕ್ಕೆ, ಸೆನೆಟನ್ನು 315ರಿಂದ 200ಕ್ಕೆ ಇಳಿಸಿದರು. ಉಳಿಯುವ ಹಣ ದೇಶದ ಒಟ್ಟು ಸರ್ಕಾರಿ ವೆಚ್ಚದ ಮುಂದೆ ಶೇ 0.01ರಷ್ಟೂ ಅಲ್ಲ ಎಂದು ಲೆಕ್ಕ ಬಲ್ಲವರು ಅಂದೇ ತೋರಿಸಿದ್ದರು. ಅತ್ತ, ಕೆಳಮನೆಯ ಒಬ್ಬ ಸದಸ್ಯ ಸುಮಾರು 96 ಸಾವಿರ ಜನರನ್ನು ಪ್ರತಿನಿಧಿಸುತ್ತಿದ್ದದ್ದು ಸುಮಾರು ಒಂದೂವರೆ ಲಕ್ಷಕ್ಕೆ ಏರಿತು. ದುಡ್ಡಿನ ಲೆಕ್ಕ ಹೇಳುವವರು ಈ ಎರಡನೆಯ ಲೆಕ್ಕವನ್ನು ಹೇಳುವುದಿಲ್ಲ, ನೀವೇ ಭಾಗಾಕಾರ ಮಾಡಿಕೊಳ್ಳಬೇಕು. ಸದಸ್ಯರ ಸಂಖ್ಯೆ ಕಡಿಮೆಯಾದಷ್ಟೂ ಚದುರಿದ ಸಣ್ಣ ಸಮುದಾಯಗಳಿಗೂ ಸಣ್ಣ ಪಕ್ಷಗಳಿಗೂ ಬಾಗಿಲು ಕಿರಿದಾಗುತ್ತದೆ.

ಬ್ರಿಟನ್ನಿನ ಕಥೆ ಇನ್ನೂ ಮಜವಾಗಿದೆ. 2011ರಲ್ಲಿ ಕನ್ಸರ್ವೇಟಿವ್ ಪಕ್ಷ ನೇತೃತ್ವದ ಮೈತ್ರಿ ಸರ್ಕಾರ ಸಂಸದರನ್ನು 650ರಿಂದ 600ಕ್ಕೆ ಇಳಿಸುವ ಕಾನೂನು ಮಾಡಿತು. ವರ್ಷಕ್ಕೆ 1.2 ಕೋಟಿ ಪೌಂಡ್ ಉಳಿಯುತ್ತದೆ, ಕ್ಷೇತ್ರಗಳು ಸಮವಾಗುತ್ತವೆ ಎಂದರು. ಅದು ಜಾರಿಯಾಗಲೇ ಇಲ್ಲ. 2020ರಲ್ಲಿ ಅದೇ ಪಕ್ಷದ ಸರ್ಕಾರ ಮತ್ತೊಂದು ಕಾನೂನು ತಂದು 650ನ್ನೇ ಉಳಿಸಿಕೊಂಡಿತು. ಈ ಸಲದ ಕಾರಣ: ಯುರೋಪಿಯನ್ ಒಕ್ಕೂಟದಿಂದ ಹೊರಬಂದದ್ದರಿಂದ ಸಂಸದರಿಗೆ ಕೆಲಸ ಹೆಚ್ಚಾಗಿದೆ. ಒಂಬತ್ತು ವರ್ಷದೊಳಗೆ ಒಂದೇ ಪಕ್ಷ ಎರಡು ವಿರುದ್ಧ ದಿಕ್ಕಿಗೆ ನಡೆಯಿತು, ಎರಡಕ್ಕೂ ಮಾತು ಕೇಳಲು ಸಮಂಜಸವಾಗಿಯೇ ಇತ್ತು. ಗಮನಿಸಿ, ಸಮ ಕ್ಷೇತ್ರಗಳಿಗೆ 600 ಎಂಬ ಅಂಕಿ ಎಂದೂ ಬೇಕಿರಲಿಲ್ಲ. ಒಂದು ಕ್ಷೇತ್ರ ಸರಾಸರಿಗಿಂತ ಶೇ 5ಕ್ಕೂ ಹೆಚ್ಚು ಏರುಪೇರಾಗಬಾರದೆಂಬ ನಿಯಮ ಎರಡೂ ಕಾನೂನುಗಳಲ್ಲಿದೆ, 2024ರ ಚುನಾವಣೆ 650 ಕ್ಷೇತ್ರಗಳಲ್ಲೇ ಆ ನಿಯಮದಡಿ ನಡೆಯಿತು.

ಕಾಲ ನೋಡುವುದನ್ನು ಮರೆಯಬೇಡಿ. ಫ್ರಾನ್ಸಿನಲ್ಲಿ ಸಮಾಜವಾದಿ ನಾಯಕ ಮಿತ್ತೆರಾನ್ ಅನುಪಾತ ಪ್ರಾತಿನಿಧ್ಯ ತರುತ್ತೇನೆಂದು 1981ರ ಚುನಾವಣೆಯಲ್ಲೇ ಭರವಸೆ ಕೊಟ್ಟು ಅಧ್ಯಕ್ಷರಾಗಿದ್ದರು. ಪಕ್ಷಕ್ಕೆ ಬಿದ್ದ ಮತದಷ್ಟೇ ಸ್ಥಾನ ಎಂಬ ತತ್ವದಲ್ಲಿ ದೋಷ ಹುಡುಕುವುದು ಕಷ್ಟ. ಆದರೆ ನಾಲ್ಕು ವರ್ಷ ಆ ತತ್ವ ಅವರಿಗೆ ನೆನಪಾಗಲಿಲ್ಲ. 1985ರ ಮಾರ್ಚ್‌ನ ಸ್ಥಳೀಯ ಚುನಾವಣೆಗಳಲ್ಲಿ ಅವರ ಪಕ್ಷ ನೆಲಕಚ್ಚಿತು. ಏಪ್ರಿಲ್‌ನಲ್ಲಿ ತತ್ವ ನೆನಪಾಯಿತು. ಅವರದೇ ಸಂಪುಟದ ಕೃಷಿ ಸಚಿವ ಮಿಶೆಲ್ ರೊಕಾರ್ ಇದನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು. 1986ರ ಚುನಾವಣೆಯಲ್ಲಿ ಬಲಪಂಥೀಯ ಮೈತ್ರಿಗೆ ಕೂದಲೆಳೆಯ ಬಹುಮತ ಸಿಕ್ಕಿತು, ನ್ಯಾಷನಲ್ ಫ್ರಂಟ್ ಎಂಬ ಕಟು ಬಲಪಂಥೀಯ ಪಕ್ಷ 35 ಸ್ಥಾನಗಳೊಂದಿಗೆ ಸಂಸತ್ತಿಗೆ ಕಾಲಿಟ್ಟಿತು, ಹೊಸ ಸರ್ಕಾರ ಅದೇ ವರ್ಷ ಹಳೆಯ ಎರಡು ಸುತ್ತಿನ ಕ್ರಮಕ್ಕೆ ಮರಳಿತು. ಯುರೋಪಿನ ಸಾಂವಿಧಾನಿಕ ಸಲಹಾ ಸಂಸ್ಥೆಯಾದ ವೆನಿಸ್ ಆಯೋಗ 2002ರ ತನ್ನ ಮಾರ್ಗಸೂಚಿಯಲ್ಲಿ ಚುನಾವಣೆಗೆ ಒಂದು ವರ್ಷಕ್ಕಿಂತ ಕಡಿಮೆ ಸಮಯವಿರುವಾಗ ಮೂಲ ನಿಯಮಗಳನ್ನು ಮುಟ್ಟಬಾರದು ಎಂದಿದೆ. ಒಳ್ಳೆಯ ಅಳತೆಗೋಲೇ, ಆದರೆ ಸಾಲದು. ಮಿತ್ತೆರಾನ್ ಘೋಷಣೆಗೂ ಮತದಾನಕ್ಕೂ ನಡುವೆ ಸುಮಾರು ಹನ್ನೊಂದು ತಿಂಗಳಿದ್ದವು. ಇನ್ನೊಂದು ತಿಂಗಳು ಮೊದಲೇ ತಂದಿದ್ದರೆ ಶುದ್ಧವಾಗಿಬಿಡುತ್ತಿತ್ತೇ?

ಕೆನಡಾದ ಟೊರಾಂಟೊ ನಗರದಲ್ಲಂತೂ 2018ರಲ್ಲಿ ಪ್ರಚಾರ ಆರಂಭವಾಗಿ ಮೂರು ತಿಂಗಳಾದ ಮೇಲೆ ಪ್ರಾಂತೀಯ ಸರ್ಕಾರ ವಾರ್ಡುಗಳನ್ನು 47ರಿಂದ 25ಕ್ಕೆ ಇಳಿಸಿತು, ಅದೂ ಉಳಿತಾಯದ ಹೆಸರಿನಲ್ಲಿ. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರ ತೀರ್ಪಿನಲ್ಲಿ ಅದನ್ನು ಎತ್ತಿಹಿಡಿಯಿತು. ಕಾನೂನಿಗೆ ಸರಿಯಾದದ್ದೆಲ್ಲ ನ್ಯಾಯವಾಗಿಯೇ ಇರಬೇಕೆಂದಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

‘ಸ್ಥಿರ ಸರ್ಕಾರ’ದ ವಾದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐರ್ಲೆಂಡಿನಲ್ಲಿ ಡಿ ವೆಲೆರಾ ಸರ್ಕಾರ ಇದೇ ಕಾರಣ ಮುಂದಿಟ್ಟು ಅನುಪಾತ ಪ್ರಾತಿನಿಧ್ಯವನ್ನು ತೆಗೆಯಲು 1959ರಲ್ಲಿ ಜನಮತ ಕೇಳಿತು. ಜನ ಅದೇ ದಿನ ಡಿ ವೆಲೆರಾ ಅವರನ್ನು ರಾಷ್ಟ್ರಾಧ್ಯಕ್ಷರನ್ನಾಗಿ ಆರಿಸಿದರು, ಅವರ ಪ್ರಸ್ತಾವವನ್ನು ತಿರಸ್ಕರಿಸಿದರು. 1968ರಲ್ಲಿ ಅವರ ಪಕ್ಷ ಮತ್ತೆ ಕೇಳಿತು. ಆಗ ಶೇ 60ಕ್ಕೂ ಹೆಚ್ಚು ಜನ ಬೇಡವೆಂದರು. ನಾಯಕನ ಮೇಲಿನ ಅಭಿಮಾನವನ್ನೂ ಅವನ ಮಸೂದೆಯನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗಲು ಸಾಮಾನ್ಯ ಮತದಾರನಿಗೆ ಬರುತ್ತದೆ.

ಇನ್ನು, ಪದಗಳ ಅರ್ಥವನ್ನೇ ಬದಲಿಸುವ ಸಮರ್ಥನೆಗಳು. ಇವು ನನಗೆ ಎಲ್ಲಕ್ಕಿಂತ ಆತಂಕ ಹುಟ್ಟಿಸುತ್ತವೆ. 2021ರ ಮಾರ್ಚ್‌ನಲ್ಲಿ ಬೀಜಿಂಗ್ ಹಾಂಗ್‌ಕಾಂಗ್‌ನ ಶಾಸನಸಭೆಯನ್ನು 70ರಿಂದ 90 ಸ್ಥಾನಕ್ಕೆ ಹಿಗ್ಗಿಸಿತು. ‘ದೇಶಭಕ್ತರೇ ಹಾಂಗ್‌ಕಾಂಗ್ ಆಳಬೇಕು’ ಎಂಬ ಘೋಷಣೆಯ ಜೊತೆಗೆ, ಸಮಾಜದ ಎಲ್ಲ ವರ್ಗಗಳಿಗೂ ವ್ಯಾಪಕ ಪ್ರಾತಿನಿಧ್ಯ ಸಿಗುತ್ತದೆ ಎಂದೂ ಹೇಳಿತು. ಸ್ಥಾನಗಳೇನೋ ಹೆಚ್ಚಾದವು, ಜನ ನೇರವಾಗಿ ಆರಿಸುವ ಸ್ಥಾನಗಳು 35ರಿಂದ 20ಕ್ಕೆ ಇಳಿದವು. 40 ಸ್ಥಾನಗಳನ್ನು ಒಂದು ಚುನಾವಣಾ ಸಮಿತಿ ತುಂಬುತ್ತದೆ, 30 ಸ್ಥಾನಗಳು ವೃತ್ತಿ ಮತ್ತು ವ್ಯಾಪಾರ ಗುಂಪುಗಳವು, ಅಭ್ಯರ್ಥಿಗಳನ್ನೆಲ್ಲ ಒಂದು ಸಮಿತಿ ಮೊದಲೇ ಸೋಸುತ್ತದೆ. ಆ ಡಿಸೆಂಬರ್‌ನ ಚುನಾವಣೆಯಲ್ಲಿ ಮತದಾನ ಶೇ 30ರ ಆಸುಪಾಸಿಗೆ ಬಿತ್ತು. 2016ರಲ್ಲಿ ಅದು ಶೇ 58 ಇತ್ತು. ಪ್ರಾತಿನಿಧ್ಯ ಹೆಚ್ಚಾಯಿತು ಎಂದು ಸರ್ಕಾರ ಹೇಳಿದಾಗ, ಆರಿಸುವ ಕೈ ಯಾರದು ಎಂದು ಕೇಳಿ.

ಈ ತರ್ಕಕ್ಕೆ ವಯಸ್ಸಾಗಿದೆ. 1832ರ ಸುಧಾರಣೆಯವರೆಗೆ ಇಂಗ್ಲೆಂಡಿನಲ್ಲಿ ಓಲ್ಡ್ ಸೇರಮ್ ಎಂಬ, ಮನೆಮಠಗಳಿಲ್ಲದ ದಿಬ್ಬಕ್ಕೆ ಇಬ್ಬರು ಸಂಸದರಿದ್ದರು. ಗಿರಣಿಗಳ ಊರಾಗಿ ಬೆಳೆದ ಮ್ಯಾಂಚೆಸ್ಟರಿಗೆ ಒಬ್ಬರೂ ಇರಲಿಲ್ಲ. ಸಮರ್ಥಕರ ಬಳಿ ಉತ್ತರ ಸಿದ್ಧವಿತ್ತು: ಪ್ರತಿಯೊಬ್ಬ ಸಂಸದನೂ ಇಡೀ ದೇಶವನ್ನು ಪ್ರತಿನಿಧಿಸುತ್ತಾನೆ, ಹಾಗಾಗಿ ಮ್ಯಾಂಚೆಸ್ಟರಿಗೂ ‘ಪರೋಕ್ಷ’ ಪ್ರಾತಿನಿಧ್ಯ ಇದ್ದೇ ಇದೆ. 1830ರ ನವೆಂಬರ್‌ನಲ್ಲಿ ಪ್ರಧಾನಿ ವೆಲಿಂಗ್ಟನ್ ಈ ವ್ಯವಸ್ಥೆಯನ್ನು ಇದಕ್ಕಿಂತ ಉತ್ತಮಗೊಳಿಸಲು ಸಾಧ್ಯವೇ ಇಲ್ಲವೆಂಬ ಧಾಟಿಯಲ್ಲಿ ಮಾತನಾಡಿದರು. ಎರಡು ವಾರದಲ್ಲಿ ಸರ್ಕಾರ ಬಿತ್ತು. ಬದಲಿಸದೇ ಇರುವುದಕ್ಕೂ ಸಮರ್ಥನೆ ಬೇಕು ಎಂಬುದನ್ನು ನಾವು ಮರೆಯುತ್ತೇವೆ. ಅಮೆರಿಕದ ಟೆನೆಸಿ ರಾಜ್ಯ 1901ರಿಂದ ಆರು ದಶಕ ಕ್ಷೇತ್ರಗಳನ್ನು ಮರುವಿಂಗಡಣೆ ಮಾಡದೇ ಕೂತಿತ್ತು. ನಗರಗಳು ಊದಿದವು, ಹಳ್ಳಿಗಳು ಸೊರಗಿದವು, ಸ್ಥಾನಗಳು ಇದ್ದಲ್ಲೇ ಇದ್ದವು. ಇಂಥ ದೂರನ್ನು ನ್ಯಾಯಾಲಯಗಳು ಕೇಳಬಹುದು ಎಂದು 1962ರಲ್ಲಿ ಸುಪ್ರೀಂ ಕೋರ್ಟ್ ಬಾಗಿಲು ತೆರೆಯಬೇಕಾಯಿತು.

ಹಾಗಾದರೆ ಒಪ್ಪುವಂಥ ಸಮರ್ಥನೆ ಹೇಗಿರುತ್ತದೆ? ನಾನು ನ್ಯೂಜಿಲೆಂಡಿನ ಕಡೆ ಕೈ ತೋರಿಸುತ್ತೇನೆ. 1978ರಲ್ಲಿ, ಮತ್ತೆ 1981ರಲ್ಲಿ, ಲೇಬರ್ ಪಕ್ಷಕ್ಕೆ ಹೆಚ್ಚು ಮತ ಬಿದ್ದರೂ ನ್ಯಾಷನಲ್ ಪಕ್ಷ ಹೆಚ್ಚು ಸ್ಥಾನ ಗೆದ್ದು ಸರ್ಕಾರ ನಡೆಸಿತು. 1981ರಲ್ಲಿ ಸೋಷಿಯಲ್ ಕ್ರೆಡಿಟ್ ಎಂಬ ಮೂರನೇ ಪಕ್ಷ ಐದರಲ್ಲಿ ಒಂದು ಪಾಲು ಮತ ಪಡೆದು ಗೆದ್ದದ್ದು ಎರಡೇ ಸ್ಥಾನ. ಊನ ಏನೆಂದು ಯಾರೂ ವಾದಿಸಬೇಕಾಗಿರಲಿಲ್ಲ. ಸರ್ಕಾರ ತಾನೇ ಮದ್ದು ಅರೆಯಲು ಕೂರದೆ ರಾಯಲ್ ಆಯೋಗ ಎಂಬ ಸ್ವತಂತ್ರ ವಿಚಾರಣಾ ಮಂಡಳಿಗೆ ಒಪ್ಪಿಸಿತು. ಆಯೋಗ 1986ರಲ್ಲಿ, ಎರಡೂ ದೊಡ್ಡ ಪಕ್ಷಗಳಿಗೆ ಕಸಿವಿಸಿಯಾಗುವಂತೆ, ಕ್ಷೇತ್ರವನ್ನೂ ಪಕ್ಷದ ಪಟ್ಟಿಯನ್ನೂ ಬೆರೆಸಿದ ಅನುಪಾತ ಪದ್ಧತಿಯನ್ನು ಶಿಫಾರಸು ಮಾಡಿತು. 1992 ಮತ್ತು 1993ರಲ್ಲಿ ಎರಡು ಸಲ ಜನಮತ ಕೇಳಿದರು. ಸಂಸತ್ತು 99ರಿಂದ 120ಕ್ಕೆ ಏರಬೇಕಾಗಿತ್ತು, ರಾಜಕಾರಣಿಗಳ ಮೇಲೆ ಜನ ರೇಗಿದ್ದ ಕಾಲವದು. ಆದರೂ ಸುಮಾರು ಶೇ 54 ಜನ ಹೂಂ ಎಂದರು. 2011ರಲ್ಲಿ ಮತ್ತೊಮ್ಮೆ ಕೇಳಿದಾಗ ಇನ್ನೂ ಹೆಚ್ಚು ಜನ ಇದೇ ಇರಲಿ ಎಂದರು. ಇಲ್ಲಿ ಊನಕ್ಕೂ ಮದ್ದಿಗೂ ನೇರ ಸಂಬಂಧವಿದೆ, ಮದ್ದು ಅರೆದ ಕೈಗೆ ಅದರಿಂದ ಲಾಭವಿಲ್ಲ, ಕುಡಿಯುವವರನ್ನೇ ಕೇಳಿದ್ದಾರೆ.

ಎಲ್ಲವೂ ಇಷ್ಟು ಚೆಂದ ಇರುವುದಿಲ್ಲ. ಜರ್ಮನಿಯಲ್ಲಿ ನಡೆದದ್ದೇ ಹೆಚ್ಚು ವಾಸ್ತವ. 598 ಸ್ಥಾನಗಳಿರಬೇಕಿದ್ದ ಅಲ್ಲಿನ ಸಂಸತ್ತು ಬುಂಡೆಸ್ಟಾಗ್, ಮತದ ಪಾಲಿಗಿಂತ ಹೆಚ್ಚು ಕ್ಷೇತ್ರ ಗೆದ್ದ ಪಕ್ಷಕ್ಕೆ ಉಳಿಯುವ ಹೆಚ್ಚುವರಿ ಸ್ಥಾನಗಳೂ, ಅವನ್ನು ಸರಿದೂಗಿಸಲು ಉಳಿದ ಪಕ್ಷಗಳಿಗೆ ಕೊಡುವ ಸ್ಥಾನಗಳೂ ಸೇರುತ್ತ 2021ರಲ್ಲಿ 736 ಆಯಿತು. 2023ರ ಕಾನೂನು 630ಕ್ಕೆ ಮಿತಿ ಹಾಕಿತು. ಪಕ್ಷಕ್ಕೆ ಬಿದ್ದ ಮತದ ಪಾಲಿಗಿಂತ ಹೆಚ್ಚು ಕ್ಷೇತ್ರ ಗೆದ್ದರೆ, ಕೆಲವು ಗೆದ್ದವರು ಮನೆಗೆ ಹೋಗಬೇಕು ಎಂಬ ಕಹಿ ಗುಳಿಗೆಯೂ ಅದರಲ್ಲಿತ್ತು. 2025ರಲ್ಲಿ 23 ಮಂದಿ ಹಾಗೆ ಹೋದರು. ನನ್ನ ಪ್ರಕಾರ ಅದು ಕಾರಣಕ್ಕೆ ತಕ್ಕ ಮದ್ದು. ಆದರೆ ಕೊನೆಯ ಗಳಿಗೆಯಲ್ಲಿ ಇನ್ನೊಂದು ಕಲಮು ನುಸುಳಿತು: ಶೇ 5ಕ್ಕಿಂತ ಕಡಿಮೆ ಮತ ಪಡೆದ ಪಕ್ಷಕ್ಕೆ ಸ್ಥಾನವಿಲ್ಲ ಎಂಬ ನಿಯಮದಿಂದ, ಮೂರು ಕ್ಷೇತ್ರ ಗೆದ್ದ ಪಕ್ಷಕ್ಕೆ ಇದ್ದ ವಿನಾಯಿತಿ ರದ್ದು. 2021ರಲ್ಲಿ ಎಡಪಕ್ಷ ಶೇ 4.9 ಪಡೆದು ಒಳಗೆ ಬಂದದ್ದು ಆ ವಿನಾಯಿತಿಯಿಂದಲೇ. ಬವೇರಿಯಾದ ಸಿಎಸ್‌ಯು 46ರಲ್ಲಿ 45 ಕ್ಷೇತ್ರ ಗೆದ್ದಿತ್ತು, ಆದರೆ ರಾಷ್ಟ್ರಮಟ್ಟದಲ್ಲಿ ಅದಕ್ಕಿದ್ದದ್ದು ಶೇ 5.2, ಹೊಸ ಕಲಮಿನಡಿ ಸ್ವಲ್ಪ ಜಾರಿದರೂ ಅಷ್ಟೂ ಕ್ಷೇತ್ರಗಳ ಗೆಲುವು ನೀರುಪಾಲು. ಇಬ್ಬರೂ ವಿರೋಧ ಪಕ್ಷದಲ್ಲಿದ್ದವರು. ಮಿತಿ 630 ಎಂದು ಒಮ್ಮೆ ಗೊತ್ತಾದ ಮೇಲೆ, ಯಾವ ಪಕ್ಷ ಒಳಗೆ ಬಂದರೂ ಸಂಸತ್ತಿನ ಗಾತ್ರ ಬದಲಾಗುವುದಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ, ಅದೂ ಬೇರೆಯವರ ಮೂಗು. 2024ರ ಜುಲೈನಲ್ಲಿ ಸಾಂವಿಧಾನಿಕ ನ್ಯಾಯಾಲಯ 630ರ ವ್ಯವಸ್ಥೆಯನ್ನು ಎತ್ತಿಹಿಡಿದು, ವಿನಾಯಿತಿಯನ್ನು ಸದ್ಯಕ್ಕೆ ಉಳಿಸಿತು.

ನಿಮ್ಮ ಮುಂದೆ ಇಂಥ ಮಸೂದೆ ಬಂದಾಗ ಕಾನೂನು ಪದವಿ ಬೇಕಿಲ್ಲ. ಕಾರಣಗಳ ಹೇಳಿಕೆಯನ್ನು ಒಂದು ಕಡೆ, ಕಲಮುಗಳನ್ನು ಇನ್ನೊಂದು ಕಡೆ ಇಟ್ಟುಕೊಳ್ಳಿ. ಯಾವ ಕಾರಣಕ್ಕೂ ಅಂಟದೆ ಉಳಿದ ಕಲಮುಗಳ ಕೆಳಗೆ ಗೆರೆ ಎಳೆಯಿರಿ. ಗಡಿ ಎಳೆಯುವವರು ಯಾರು, ಸ್ವತಂತ್ರ ಆಯೋಗವೋ, ಆ ಗಡಿಯೊಳಗೆ ನಿಲ್ಲುವವರೋ ಎಂದು ನೋಡಿ. ಅಂಕಿ ಕೊಟ್ಟಿದ್ದರೆ ಅದು ಹೇಗೆ ಬಂತೆಂದು ಕೇಳಿ: ಲೋಕಸಭೆಯಲ್ಲಿ ಆಂಗ್ಲೋ ಇಂಡಿಯನ್ನರಿಗಿದ್ದ ಎರಡು ನಾಮನಿರ್ದೇಶಿತ ಸ್ಥಾನಗಳನ್ನು 2020ರಲ್ಲಿ ಕೊನೆಗೊಳಿಸುವಾಗ, ದೇಶದಲ್ಲಿ ಆ ಸಮುದಾಯದವರು 296 ಮಂದಿ ಮಾತ್ರ ಎಂದು ಸಂಸತ್ತಿನಲ್ಲಿ ಹೇಳಲಾಯಿತು, ಆ ಲೆಕ್ಕ ಕೇಳಿ ಸಮುದಾಯದವರು ದಂಗಾದರು. ಆ ಸ್ಥಾನಗಳು ಬೇಡ ಎನ್ನಲು ಬೇರೆ ಗೌರವಯುತ ವಾದಗಳಿದ್ದವು, 296 ಅವುಗಳಲ್ಲಿ ಒಂದಲ್ಲ.

ಕೊನೆಗೆ, ಹಿಂದಿನ ಚುನಾವಣೆಯ ಮತಗಳನ್ನೇ ಹೊಸ ನಿಯಮಕ್ಕೆ ಹಾಕಿ ಎಣಿಸಿ ನೋಡಿ. ಲಾಭ ಆಳುವವರಿಗೇ ಹರಿದರೆ ಮಸೂದೆ ಕೆಟ್ಟದ್ದೆಂದು ಅಷ್ಟಕ್ಕೇ ತೀರ್ಮಾನಿಸಬೇಡಿ, ಆದರೆ ಸಮರ್ಥನೆಯ ಭಾರ ಅವರ ಮೇಲೆ ದುಪ್ಪಟ್ಟಾಗುತ್ತದೆ. ಲೆಕ್ಕ ತಲೆಕೆಳಗಾಗುವುದೂ ಉಂಟು. ಐರ್ಲೆಂಡಿನ ಸಚಿವ ಜೇಮ್ಸ್ ಟುಲ್ಲಿ 1974ರಲ್ಲಿ ತನ್ನ ಮೈತ್ರಿಕೂಟಕ್ಕೆ ಅನುಕೂಲವಾಗುವಂತೆ ಜಾಣತನದಿಂದ ಗಡಿಗಳನ್ನು ಎಳೆದರು. 1977ರಲ್ಲಿ ಜನರ ಒಲವು ಅವರು ಎಣಿಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ ವಾಲಿದಾಗ ಅದೇ ಗಡಿಗಳು ಎದುರಾಳಿ ಪಕ್ಷಕ್ಕೆ 148ರಲ್ಲಿ 84 ಸ್ಥಾನ ತಂದುಕೊಟ್ಟವು. ಆಮೇಲೆ ಅಲ್ಲಿ ಗಡಿ ಎಳೆಯುವ ಕೆಲಸವನ್ನು ಸ್ವತಂತ್ರ ಆಯೋಗಕ್ಕೆ ಒಪ್ಪಿಸಿದರು.